ವೆಂಕಟೇಶನ ಆಣೆ, ನನ್ನ ಹೆಬ್ಬೆರಳು

ನಾನು ಹುಟ್ಟಿದಾಗಿನಿಂದ ಒಂದು ಸಿಗಾರೂ ಸೇದಿದವನಲ್ಲ. ಬೀಡಿ, ಸಿಗರೇಟು, ಹುಕ್ಕಾ ಯಾವುದೂ ಇಲ್ಲ. ಆದರೂ ಈ ಸಿಯಾಟಲ್ ಸುತ್ತಮುತ್ತ, ಟೋಟೆಮ್ ಲೇಕ್‌ನಿಂದ ಫ್ಯಾಕ್ಟೋರಿಯಾದವರೆಗೆ ನಮ್ಮ ಕಡೆಯ ಯಾವ ಗಂಡಸು ಸಿಗಾರ್ ಲೈಟರ್ ಕೊಳ್ಳಬೇಕಾದರೂ ಮೊದಲು ಕಾಲ್ ಮಾಡುವುದು ನನಗೆ. "ಫಾರೂಕ್ ಭಾಯ್, ಸಿಂಗಲ್ ಫ್ಲೇಮ್ ತಗೊಳ್ಳಾ, ಟ್ರಿಪಲ್ ತಗೊಳ್ಳಾ?" ನಾನು ಸಮಾಧಾನವಾಗಿ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ, "ನೀವು ಸೇದೋದೇ ಇಲ್ವಲ್ಲ, ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಯಾಕ್ರೀ, ಹಸು ಕಟ್ಟದವನು ಹಾಲು ಗಟ್ಟಿಯೋ ನೀರೋ ಅಂತ ಹೇಳಬಾರದೇ?

ಇದಕ್ಕೆಲ್ಲ ಮೂಲ ವೆಂಕಟೇಶ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ನನ್ನ ಪಕ್ಕದ ಬೆಂಚಿನವನು, ಇಲ್ಲಿ ನನ್ನ ಶನಿವಾರಗಳನ್ನು ತಿನ್ನುವವನು. ಅವನಿಗೆ ಎರಡು ಹುಚ್ಚು. ಒಂದು ಸಿಗಾರು. ಇನ್ನೊಂದು ಅದನ್ನು ಹಚ್ಚುವ ಲೈಟರು. ಟೋಟೆಮ್ ಲೇಕ್‌ನ ಅವನ ಅಪಾರ್ಟ್‌ಮೆಂಟಿನಲ್ಲಿ ಬೇರೆಯವರು ಮಕ್ಕಳ ಟ್ರೋಫಿ ಜೋಡಿಸುವ ಕಡೆ ಇವನು ಲೈಟರುಗಳನ್ನು ಜೋಡಿಸಿದ್ದ. ಹೆಂಡತಿ ವಸಂತಲಕ್ಷ್ಮಿ ಅದನ್ನು ಸಹಿಸಿಕೊಂಡಿದ್ದಳು. ಮಗಳು ಸಿರಿಯ ಹದಿನಾರನೇ ಹುಟ್ಟುಹಬ್ಬದವರೆಗೆ ಸಹಿಸಿಕೊಂಡಿದ್ದಳು.

ಅವತ್ತು ಈ ಮಹಾನುಭಾವ ಕೇಕಿನ ಮೋಂಬತ್ತಿ ಹಚ್ಚಲು ಹೊಸದಾಗಿ ತರಿಸಿದ್ದ ಟ್ರಿಪಲ್ ಫ್ಲೇಮ್ ತೆಗೆದ. ಅದರಲ್ಲಿ ಬರುವುದು ದೀಪದ ಕುಡಿಯಂಥ ಬೆಂಕಿಯಲ್ಲ. ಬುಸ್ ಎಂದು ಮೂರು ನೀಲಿ ಕೋಲು ಹೊರಡುತ್ತವೆ. ಸಿಯಾಟಲ್‌ನ ಗಾಳಿಮಳೆಯಲ್ಲಿ ಸಿಗಾರು ಹಚ್ಚಲು ಅದು ಬೇಕು, ಒಪ್ಪುತ್ತೇನೆ. ಮೋಂಬತ್ತಿಗೆ ಬೇಡ. ಮೋಂಬತ್ತಿ ಕರಗಿ ಕೇಕಿನೊಳಗೆ ಇಳಿಯಿತು, ಹಿಂದೆ ತೂಗುಹಾಕಿದ್ದ ಕಾಗದದ ತೋರಣ ಹೊತ್ತಿಕೊಂಡಿತು, ಅಲಾರಂ ಬಡಿದುಕೊಂಡಿತು. ಇಡೀ ಕಟ್ಟಡದ ಜನ ಜಿಟಿಜಿಟಿ ಮಳೆಯಲ್ಲಿ ಪಾರ್ಕಿಂಗ್ ಲಾಟಿನಲ್ಲಿ ನಿಂತರು. ಪಕ್ಕದ ಮನೆಯ ತೆಲುಗಿನವರು ಲುಂಗಿಯಲ್ಲೇ ಬಂದಿದ್ದರು.

ಅಲ್ಲೇ, ಫೈರ್ ಇಂಜಿನ್ನಿನ ಕೆಂಪು ದೀಪದ ಬೆಳಕಿನಲ್ಲಿ, ವಸಂತಲಕ್ಷ್ಮಿ ಗಂಡನ ಕೈ ಹಿಡಿದು ಮಗಳ ತಲೆಯ ಮೇಲೆ ಇಟ್ಟಳು.

"ಇನ್ಮೇಲೆ ಲೈಟರ್ ಮುಟ್ಟಲ್ಲ ಅಂತ ಆಣೆ ಹಾಕಿ. ಮಂಜುನಾಥನ ಮೇಲೆ, ಇವಳ ತಲೆ ಮೇಲೆ."

"ಅಮ್ಮಾ, ದಿಸ್ ಈಸ್ ಸೋ ಎಂಬ್ಯಾರಸಿಂಗ್," ಎಂದಳು ಸಿರಿ, ಅಪ್ಪನ ಕೈ ಕೆಳಗೆ ತಲೆ ಬಗ್ಗಿಸಿಕೊಂಡು.

ವೆಂಕಟೇಶ ಆಣೆ ಹಾಕಿದ. ಲೈಟರ್ ಮುಟ್ಟದವನು ಸಿಗಾರು ಹೇಗೆ ಸೇದುತ್ತಾನೆ ಎಂಬುದು ವಸಂತಕ್ಕನ ಲೆಕ್ಕಾಚಾರ. ಪಾಪ, ಇಷ್ಟು ವರ್ಷ ಸಂಸಾರ ಮಾಡಿಯೂ ಗಂಡ ಎಂಥವನು ಅಂತ ಆಕೆಗೆ ತಿಳಿದಿರಲಿಲ್ಲ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವವನು.

ಮುಂದಿನ ಶನಿವಾರವೇ ನಾರ್ತ್ ಕ್ರೀಕ್‌ನ ನಮ್ಮ ಮನೆಯ ಮುಂದೆ ಅವನ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಹಳೇ ಕುಕ್ಕರಿನ ರಟ್ಟಿನ ಪೆಟ್ಟಿಗೆ.

"ಎತ್ಕೊಳ್ಳೋ. ನಾನು ಮುಟ್ಟೋ ಹಾಗಿಲ್ಲ. ಸಿರಿನೇ ತುಂಬಿಸಿ ಇಟ್ಟಿದಾಳೆ," ಎಂದ.

ಒಳಗೆ ಅವನ ಲೈಟರುಗಳೆಲ್ಲ ಹಳೇ ಕಾಲುಚೀಲಗಳಲ್ಲಿ ಸುತ್ತಿಕೊಂಡು ಮಲಗಿದ್ದವು.

"ವಸಂತಂಗೂ ಹೇಳಿದೀನಿ, ಫಾರೂಕ್ ಹತ್ರ ಇರುತ್ತೆ ಅಂತ. ಇದು ನಿನ್ನ ಹತ್ರ ಅಮಾನತ್ ಕಣೋ."

ನೋಡಿ, ಎಂಥ ಪಾಕಡಾ! 'ಇಟ್ಕೊಂಡಿರು' ಎಂದಿದ್ದರೆ ಆಗಲ್ಲ ಎನ್ನಬಹುದಿತ್ತು. ಅಮಾನತ್ ಎಂದುಬಿಟ್ಟ. ನಂಬಿ ಕೈಗೆ ಕೊಟ್ಟದ್ದನ್ನು ಇಟ್ಟ ಹಾಗೇ ಹಿಂದಿರುಗಿಸಬೇಕು ಎಂದು ನಮ್ಮಪ್ಪ ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಕೂತು ಜೀವನಪೂರ್ತಿ ಹೇಳಿದ್ದು ಇವನಿಗೆ ಗೊತ್ತು. ನಮ್ಮನೆಯಲ್ಲಿ ಈದ್ ಬಿರಿಯಾನಿ ತಿಂದು ತಿಂದೇ ಇದನ್ನೆಲ್ಲ ಕಲಿತಿದ್ದಾನೆ.

ಅಷ್ಟಕ್ಕೇ ಮುಗಿಯಲಿಲ್ಲ. ಗರಾಜಿನ ಬಾಗಿಲು ಮೇಲೆತ್ತಿಸಿ, ಕುರ್ಚಿ ಹಾಕಿಸಿಕೊಂಡು, ಜೇಬಿನಿಂದ ಸಿಗಾರು ತೆಗೆದು ಬಾಯಿಗಿಟ್ಟುಕೊಂಡು, ಹಸೆಮಣೆ ಮೇಲಿನ ಮದುಮಗನ ಹಾಗೆ ಕೈಕಟ್ಟಿ ಕೂತ.

"ಹಚ್ಚು."

"ಏನು?"

"ನಾನು ಮುಟ್ಟಲ್ಲ ಅಂದಿದೀನಿ. ನೀನು ಮುಟ್ಟಲ್ಲ ಅಂದಿದೀಯಾ?"

ಮೊದಲ ದಿನ ಅವನ ಮೀಸೆಯ ಎಡಭಾಗ ಸುಟ್ಟೆ. ಬೇಕಂತಲೇ ಅಲ್ಲ, ಆದರೆ ಬೇಜಾರೂ ಆಗಲಿಲ್ಲ. ಆಮೇಲೆ, ಮಾಡುವುದಾದರೆ ನೆಟ್ಟಗೆ ಮಾಡೋಣ ಎಂದು ಕಲಿಯತೊಡಗಿದೆ. ಬೆಂಕಿ ಸಿಗಾರಿನ ತುದಿಗೆ ತಾಗಬಾರದು, ಸ್ವಲ್ಪ ಕೆಳಗೇ ಹಿಡಿದು, ಹಪ್ಪಳ ಸುಡುವ ಹಾಗೆ ತಿರುಗಿಸುತ್ತ ಕಾಯಿಸಬೇಕು. ಲೈಟರಿಗೆ ಗ್ಯಾಸ್ ತುಂಬುವ ಮೊದಲು ಒಳಗಿನ ಹಳೇ ಗಾಳಿಯನ್ನು ಪೂರ್ತಿ ಬಿಡಬೇಕು, ತುಂಬಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇಡಬೇಕು. ಕಳಪೆ ಗ್ಯಾಸ್ ಹಾಕಿದರೆ ಮೂಗು ಕಟ್ಟಿದ ಮಗುವಿನ ಹಾಗೆ ಕೊಸಕೊಸ ಅನ್ನುತ್ತದೆ. ಬರಬರುತ್ತಾ ಒಳ್ಳೆಯ ಲೈಟರು ಯಾವುದು, ಬರೀ ಥಳುಕು ಯಾವುದು ಎಂದು ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗತೊಡಗಿತು. ಅಂಗಡಿಯವರು ತೂಕ ನೋಡಿ ಅನ್ನುತ್ತಾರೆ, ಬಣ್ಣ ನೋಡಿ ಅನ್ನುತ್ತಾರೆ. ಎಲ್ಲ ಸುಳ್ಳು. ಮುಚ್ಚಳ ತೆರೆದು ಕಿವಿ ಕೊಡಬೇಕು. ಮುಚ್ಚಳದ ಕೀಲು ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿರುತ್ತದೆ.

ನನ್ನ ಹೆಂಡತಿ ಸುರಯ್ಯಾ ಮೊದಲು ಮೂಗು ಮುರಿದಳು. ಮನೆಯಲ್ಲಿ ನಾವು ಮಾತಾಡುವುದು ನಮ್ಮ ಉರ್ದು, ಆದರೆ ಅವಳು ಮಂಡ್ಯದವಳು, ಬೈಯಬೇಕಾದಾಗ ಕನ್ನಡಕ್ಕೆ ಬರುತ್ತಾಳೆ. ಬೈಗುಳಕ್ಕೆ ಕನ್ನಡದಷ್ಟು ಅನುಕೂಲ ಬೇರೆ ಇಲ್ಲ ಎಂಬುದು ಅವಳ ಅಭಿಪ್ರಾಯ.

"ಕಂಡೋರ ಬಾಯಿಗೆ ಬೆಂಕಿ ಇಡೋ ಕೆಲಸ ಹಿಡಿದಿದೀರಲ್ರೀ, ನಾಚಿಕೆ ಆಗಲ್ವಾ?"

ಹೀಗಂದವಳು ಒಂದು ದಿನ ಗರಾಜಿಗೆ ಬಂದು ಆ ಟ್ರಿಪಲ್ ಫ್ಲೇಮ್ ಎತ್ತಿಕೊಂಡು ಹೋದಳು. ನಮ್ಮದು ಕರೆಂಟಿನ ಒಲೆ. ಆ ಗಾಜಿನ ಹಲಗೆಯ ಮೇಲೆ ಬದನೆಕಾಯಿ ಸುಡಲು ಆಗದೆ ಇಷ್ಟು ವರ್ಷ ಒದ್ದಾಡಿದ್ದಳು. ಅವತ್ತು ರಾತ್ರಿ ಊಟಕ್ಕೆ ಹೊಗೆವಾಸನೆಯ ಭರ್ತಾ ಬಂತು. ಅಲ್ಲಿಂದ ಲೈಟರುಗಳ ವಿಷಯದಲ್ಲಿ ನನ್ನ ಮನೆಯಲ್ಲಿ ಶಾಂತಿ ನೆಲೆಸಿತು.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ.

ಫ್ಯಾಕ್ಟೋರಿಯಾದ ಒಂದು ಮನೆಯಲ್ಲಿ, ಹಿರಿಯರು ಯಾರೋ ಹೋದ ಮೇಲೆ ಮನೆಸಾಮಾನನ್ನೆಲ್ಲ ಮಾರುವ ಎಸ್ಟೇಟ್ ಸೇಲ್ ನಡೆದಿತ್ತು. ವೆಂಕಟೇಶ ನನ್ನನ್ನು ಎಳೆದುಕೊಂಡು ಹೋದ. ಮುರುಕು ಚಮಚ, ಕೀಲಿಕೈ, ಗುಂಡಿಗಳ ತಟ್ಟೆಯಲ್ಲಿ ಒಂದು ಬಡಕಲು ಲೈಟರು ಬಿದ್ದಿತ್ತು. ಬೆಳ್ಳಿ ಲೇಪ, ಮೈತುಂಬ ಸಣ್ಣ ಉದ್ದಗೀರು. ವೆಂಕಟೇಶ ಅದರ ಪಕ್ಕದಲ್ಲಿದ್ದ ಚಿನ್ನದ ಬಣ್ಣದ ಇನ್ನೊಂದರ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದ. ನಾನು ಬೆಳ್ಳಿಯದನ್ನು ತೆಗೆದು ಮುಚ್ಚಳ ತೆರೆದೆ.

ಟಿಣ್ಣ್...

ಏನು ಹೇಳಲಿ! ಶಬ್ದ ಬಂದು ನಿಲ್ಲಲಿಲ್ಲ, ಹೋಗುತ್ತ ಹೋಯಿತು. ಆ ಮನೆಯ ಗದ್ದಲದಲ್ಲಿ ನನಗೆ ಅದೊಂದೇ ಕೇಳಿಸಿತು. ಬೆಂಕಿ ಬರಲಿಲ್ಲ, ಅದು ಯಾವ ಕಾಲದಲ್ಲೋ ಸತ್ತಿತ್ತು. "ಇದು," ಎಂದೆ. ವೆಂಕಟೇಶ ಮುಖ ಹುಳ್ಳಗೆ ಮಾಡಿಕೊಂಡು ಕಾರ್ಡು ಕೊಟ್ಟ.

ಅದನ್ನು ಬದುಕಿಸಿದ್ದು ನಾನು. ಚಳಿಗಾಲವಿಡೀ ಗರಾಜಿನಲ್ಲಿ ಕೂತು, ಒಣಗಿದ ವಾಷರು ಬದಲಾಯಿಸಿ, ಕಿಡಿ ಹಾರಿಸುವ ಕಲ್ಲು ಹೊಸದು ಹಾಕಿ, ಗ್ಯಾಸ್ ಸೋರುವುದನ್ನು ಸೋಪುನೀರಿನಲ್ಲಿ ಹುಡುಕಿ ಹುಡುಕಿ ನಿಲ್ಲಿಸಿದೆ. ಮೊದಲ ಸಲ ಅದರ ತುದಿಯಲ್ಲಿ ಹಳದಿ ಕುಡಿ ಎದ್ದಾಗ ಕಣ್ಣಲ್ಲಿ ನೀರು ಬಂತು. ಗ್ಯಾಸಿಗೆ ಅಲ್ಲ. ದುಡ್ಡು ಅವನದು, ಹೆಬ್ಬೆರಳು ನನ್ನದು. ಹೇಳಿ, ಲೈಟರು ಯಾರದು?

ಹಾಗೆ ಎರಡು ವರ್ಷ ಕಳೆಯಿತು. ಒಂದು ಸಂಜೆ ವಸಂತಲಕ್ಷ್ಮಿ ಕಾಲ್ ಮಾಡಿದಳು. ದನಿಯಲ್ಲಿ ಬೆಲ್ಲ.

"ಭಾಯ್, ಮುಂದಿನ ಭಾನುವಾರ ಇವರಿಗೆ ಐವತ್ತು ತುಂಬುತ್ತೆ. ಪಾಪ, ಎರಡು ವರ್ಷದಿಂದ ಲೈಟರ್ ಮುಟ್ಟಿಲ್ಲ, ಸಿಗಾರ್ ಸೇದಿಲ್ಲ. ಆಣೆ ಬಿಡಿಸಿಬಿಡೋಣ ಅಂತಿದೀನಿ. ಮಂಜುನಾಥನಿಗೆ ತಪ್ಪುಕಾಣಿಕೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಾಯ್ತು. ಲೈಟರ್ ಎಲ್ಲಾ ವಾಪಸ್ ತಂದ್ಬಿಡಿ. ಅವರಿಗೆ ಹೇಳ್ಬೇಡಿ, ಸರ್‌ಪ್ರೈಸ್."

"ಎಲ್ಲಾನೂ ತರ್ಬೇಕಾ ಅಕ್ಕ?"

"ಅಯ್ಯೋ, ಎಲ್ಲಾ ತನ್ನಿ ಭಾಯ್. ಅವರದ್ದೇ ಅಲ್ವಾ?"

ಫೋನ್ ಇಟ್ಟು ಗರಾಜಿಗೆ ಹೋಗಿ ಕುಳಿತೆ. ನನ್ನ ಕೈಯಲ್ಲಿ ಒಂದೇ ಒಂದು ಮಾತಿತ್ತು. 'ಅಕ್ಕ, ಅವನು ಪ್ರತಿ ಶನಿವಾರ ನನ್ನ ಗರಾಜಲ್ಲೇ ಸೇದ್ತಾನೆ.' ಇಷ್ಟು ಹೇಳಿದರೆ ಸಾಕು, ಆಣೆ ಇನ್ನೊಂದು ಜನ್ಮದವರೆಗೆ ಗಟ್ಟಿಯಾಗುತ್ತದೆ, ಲೈಟರು ನನ್ನಲ್ಲೇ ಉಳಿಯುತ್ತದೆ. ಆದರೆ ಲೈಟರಿಗಾಗಿ ಗೆಳೆಯನನ್ನು ಹಿಡಿದುಕೊಡುವಷ್ಟು ಕೆಟ್ಟವನು ನಾನಲ್ಲ. ಅದಕ್ಕಿಂತ ಸ್ವಲ್ಪ ಕಡಿಮೆ ಕೆಟ್ಟದ್ದೇನಾದರೂ ಇದೆಯೇ ಎಂದು ಯೋಚಿಸಿದೆ. ಇತ್ತು.

ಮಾರನೆಯ ದಿನ ಬೆಲ್ವ್ಯೂನ ಒಂದು ಸಿಗಾರ್ ಅಂಗಡಿಯಲ್ಲಿ ಅದೇ ಅಳತೆ, ಅದೇ ಉದ್ದಗೀರಿನ ಹೊಸ ಲೈಟರು ಹುಡುಕಿದೆ. ನೋಡಲು ಅಣ್ಣತಮ್ಮಂದಿರು. ಮುಚ್ಚಳ ತೆರೆದರೆ ಮಾತ್ರ ಬಂಡವಾಳ ಬಯಲು: ಟಿಕ್. ಅಷ್ಟೇ. ಹೆಂಚಿನ ಮೇಲೆ ಕಲ್ಲು ಬಿದ್ದ ಹಾಗೆ. ಅದನ್ನು ಚಿಲ್ಲರೆ ಕಾಸಿನ ಜೊತೆ ಕಾಲುಚೀಲಕ್ಕೆ ಹಾಕಿ ಒಂದು ಗಂಟೆ ಅಲ್ಲಾಡಿಸಿ ಹಳೆಯದು ಮಾಡಿದೆ.

ಆ ಶನಿವಾರ ಪರೀಕ್ಷೆ. ವೆಂಕಟೇಶ ಎಂದಿನಂತೆ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತ. ಶಬ್ದದಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ ಎಂದುಕೊಂಡೇ ಡೂಪ್ಲಿಕೇಟಿನ ಮುಚ್ಚಳ ತೆರೆದೆ. ಟಿಕ್.

"ಆಹಾ!" ಎಂದ ವೆಂಕಟೇಶ, ಕಣ್ಣು ಬಿಡದೆ. "ಆ ಶಬ್ದ ಕಣೋ! ಅದಕ್ಕೇ ವಾರ ಪೂರ್ತಿ ಕಾಯ್ತೀನಿ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಸಿಕ್ಕಿಬೀಳಲಿಲ್ಲ ಎಂದು ಖುಷಿಪಡಬೇಕಿತ್ತು; ಕುರ್ಚಿ ಸಮೇತ ಅವನನ್ನು ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಇವನಿಗೆ ವಾಪಸ್ ಕೊಡಬೇಕಂತೆ ನನ್ನ ಟಿಣ್ಣ್! ಕೊಡುವುದಿಲ್ಲ. ಅವನಿಗೆ ಡೂಪ್ಲಿಕೇಟೇ ಹೆಚ್ಚಾಯಿತು. ಹಾಗೆಂದು ಅಂದೇ ತೀರ್ಮಾನ ಮಾಡಿದೆ.

ಭಾನುವಾರ ಕುಕ್ಕರ್ ಪೆಟ್ಟಿಗೆಯಲ್ಲಿ ಎಲ್ಲ ಲೈಟರುಗಳ ನಡುವೆ ಡೂಪ್ಲಿಕೇಟ್ ಇಟ್ಟೆ. ಅಸಲಿಯನ್ನು ಮನೆಯಲ್ಲಿ ಬಿಟ್ಟು ಬರಲು ಧೈರ್ಯ ಸಾಲದೆ ಕೋಟಿನ ಒಳಜೇಬಿಗೆ ಇಳಿಸಿಕೊಂಡೆ. ಕಾರಿನಲ್ಲಿ ಸುರಯ್ಯಾ ನನ್ನನ್ನೇ ನೋಡುತ್ತಿದ್ದಳು.

"ಏನ್ರೀ, ಮುಖ ಯಾಕೆ ಹೀಗಿದೆ? ಬಿರಿಯಾನಿ ಹಂಡೆಯಿಂದ ಮಟನ್ ಪೀಸ್ ಕದ್ದ ಹುಡುಗನ ಥರ?"

"ಟ್ರಾಫಿಕ್ಕು," ಎಂದೆ.

"ನೀವು ಏನು ಮಾಡ್ತಿದೀರೋ ನಂಗೊತ್ತಿಲ್ಲ. ಗೊತ್ತಾಗೋದೂ ಬೇಡ. ಅಮಾನತ್ ಅಂದ್ರೆ ಅಮಾನತ್. ಮಾವ ಇದ್ದಿದ್ರೆ ಇಷ್ಟೇ ಹೇಳ್ತಿದ್ರು."

ಈ ಹೆಂಗಸರಿಗೆ ಹೇಗೆ ಗೊತ್ತಾಗುತ್ತದೋ ಆ ದೇವರೇ ಬಲ್ಲ. ನಾನು ವೈಪರ್ ಜೋರು ಮಾಡಿದೆ.

ವೆಂಕಟೇಶನ ಮನೆಯ ಬಾಗಿಲಲ್ಲೇ ವಸಂತಲಕ್ಷ್ಮಿ ಎದುರಾದಳು. ಹಿಂದೆ ಹಾಲ್ ತುಂಬ ಜನ. ನನ್ನ ಕೈಯಲ್ಲಿನ ಪೆಟ್ಟಿಗೆ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನೋಡಿ, ಎರಡು ವರ್ಷದ ಹಿಂದೆ ಕೊಟ್ಟಿದ್ದು. ಹೆಂಗ್ ಕೊಟ್ವೋ ಹಂಗೇ ತಂದಿದಾರೆ. ಫಾರೂಕ್ ಭಾಯ್ ಹತ್ರ ಇಟ್ಟರೆ ಬ್ಯಾಂಕ್ ಲಾಕರ್‌ನಲ್ಲಿ ಇಟ್ಟ ಹಾಗೆ!"

ಎಲ್ಲರೂ ನನ್ನನ್ನು ಮೆಚ್ಚಿ ನೋಡಿದರು. ಒಳಜೇಬಿನ ಲೈಟರು ಎದೆಗೆ ಒತ್ತಿತು. ಅಪ್ಪ ನೆನಪಾದರು. ಹಾಳಾದ್ದು, ಈ ವಸಂತಕ್ಕ ಒಂದು ಮಾತು ಕಡಿಮೆ ಹೊಗಳಿದ್ದರೆ ನಾನು ದಡ ಸೇರಿಬಿಡುತ್ತಿದ್ದೆ.

"ಒಂದ್ನಿಮಿಷ ಅಕ್ಕ, ಬಾತ್‌ರೂಮ್," ಎಂದೆ.

"ಪೆಟ್ಟಿಗೆ ಇಲ್ಲಿಟ್ಟು ಹೋಗಿ ಭಾಯ್."

"ಪರವಾಗಿಲ್ಲ."

ಕುಕ್ಕರ್ ಪೆಟ್ಟಿಗೆ ತಬ್ಬಿಕೊಂಡು ಬಾತ್‌ರೂಮಿಗೆ ಹೋಗುವ ನನ್ನನ್ನು ಜನ ಈಗ ಬೇರೆ ಥರ ನೋಡಿದರು. ಬಾಗಿಲು ಹಾಕಿಕೊಂಡೆ. ಕೊನೆಯ ಸಲ ಮುಚ್ಚಳ ತೆರೆದೆ. ಟಿಣ್ಣ್... ಟೈಲ್ಸ್ ಗೋಡೆಯ ನಡುವೆ ಅದು ಇನ್ನೂ ಚೆನ್ನಾಗಿ ಕೇಳಿಸಿತು. ಅಸಲಿಯನ್ನು ಪೆಟ್ಟಿಗೆಗೆ ಹಾಕಿ, ಡೂಪ್ಲಿಕೇಟನ್ನು ಒಳಜೇಬಿಗೆ ಹಾಕಿಕೊಂಡೆ. ಫ್ಲಶ್ ಮಾಡಿ ಹೊರಗೆ ಬಂದೆ. ಹೊಟ್ಟೆಯೊಳಗೆ ಏನೋ ಖಾಲಿಯಾದ ಹಾಗಿತ್ತು.

ಹಾಲಿನ ನಡುವೆ ಕೇಕು. ಅದರ ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ದೊಡ್ಡ ಐವತ್ತು. ವೆಂಕಟೇಶ ಹೊಸ ಜುಬ್ಬಾ ಹಾಕಿಕೊಂಡು ನಿಂತಿದ್ದ. ವಸಂತಲಕ್ಷ್ಮಿ ಅರಿಶಿನದ ಗಂಟನ್ನು ದೇವರ ಮುಂದಿಟ್ಟು ಬಂದು, "ಇವತ್ತಿಗೆ ನಿಮ್ಮ ಆಣೆ ಬಿಡಿಸ್ತಿದೀನಿ ಕಣ್ರೀ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ವೆಂಕಟೇಶನ ಮುಖ ನೋಡಿದೆ. ಅದರಲ್ಲಿ ಸಂತೋಷ ಇರಲಿಲ್ಲ. ಲಾಟರಿ ಹೊಡೆದವನ ಮುಖವಲ್ಲ, ಟ್ರಾನ್ಸ್‌ಫರ್ ಆರ್ಡರ್ ಬಂದವನ ಮುಖ.

"ಭಾಯ್, ನೀವು ಸುಳ್ಳು ಹೇಳೋರಲ್ಲ," ಎಂದು ವಸಂತಲಕ್ಷ್ಮಿ ಥಟ್ಟನೆ ನನ್ನ ಕಡೆ ತಿರುಗಿದಳು. "ಎಲ್ಲರ ಮುಂದೆ ಹೇಳಿಬಿಡಿ. ಈ ಎರಡು ವರ್ಷದಲ್ಲಿ ಇವರು ಆಣೆ ಮುರಿದಿದಾರಾ?"

ವೆಂಕಟೇಶ ಛಾವಣಿ ನೋಡಿದ. ಸುರಯ್ಯಾ ನನ್ನನ್ನು ನೋಡಿದಳು. ಹೇಳಿದರೆ ಈಗಲೂ ಟಿಣ್ಣ್ ನನ್ನದು, ಅದೂ ಸತ್ಯ ಹೇಳಿ.

"ಅಕ್ಕ," ಎಂದೆ, "ಅಲ್ಲಾಹನ ಮೇಲೆ ಹೇಳ್ತೀನಿ, ನನ್ನ ಕಣ್ಣೆದುರಿಗೆ ಅವನು ಒಂದೇ ಒಂದು ಸಲಾನೂ ಲೈಟರ್ ಮುಟ್ಟಿಲ್ಲ."

ವಸಂತಲಕ್ಷ್ಮಿ ಕಣ್ಣೊರೆಸಿಕೊಂಡಳು. ವೆಂಕಟೇಶ ನನ್ನ ಕಡೆ ಬಿಟ್ಟ ನಿಟ್ಟುಸಿರು ಕೇಕಿನವರೆಗೆ ತಲುಪಿತು.

"ಸರಿ, ಹಚ್ಚಿ. ಆ ಸಣ್ಣದರಲ್ಲಿ ಹಚ್ಚಿ," ಎಂದು ಅವಳೇ ಪೆಟ್ಟಿಗೆಯಿಂದ ಬೆಳ್ಳಿಯದನ್ನು ತೆಗೆದು ಮುಚ್ಚಳ ತೆರೆದಳು. ಟಿಣ್ಣ್... ಅವಳ ಹುಬ್ಬು ಮೇಲೇರಿತು. "ಅರೆ! ಎಷ್ಟು ಚೆನ್ನಾಗಿದೆ ಶಬ್ದ!"

ಅವಳು ಹಾಗೆ ಕಿವಿ ಕೊಟ್ಟಿದ್ದಾಗ ಅವಳ ಗಂಡ ಪೆಟ್ಟಿಗೆಗೆ ಕೈಹಾಕಿ ಟ್ರಿಪಲ್ ಫ್ಲೇಮ್ ಎತ್ತಿಕೊಂಡದ್ದನ್ನು ನಾನೊಬ್ಬನೇ ನೋಡಿದೆ. ಬದನೆಕಾಯಿಗೆಂದು ಸುರಯ್ಯಾ ಅದರ ಟ್ಯಾಂಕು ಸದಾ ತುಂಬಿಸಿ ಇಡುತ್ತಿದ್ದಳು. ಬುಸ್ ಎಂದಿತು. ಅವನು ಮೋಂಬತ್ತಿಯ ಕಡೆ ಹೋಗಲೇ ಇಲ್ಲ. ಕಾಗದದ ಐವತ್ತಿಗೆ ನೇರವಾಗಿ ಹಿಡಿದ. ಸೊನ್ನೆ ಭಗ್ಗೆಂದಿತು, ಐದು ವಾಲಿಕೊಂಡು ಪಕ್ಕದ ಪೇಪರ್ ಪ್ಲೇಟುಗಳ ಮೇಲೆ ಬಿತ್ತು, ಅಲಾರಂ ಬಡಿದುಕೊಂಡಿತು.

ಮತ್ತೆ ಪಾರ್ಕಿಂಗ್ ಲಾಟು. ಮತ್ತೆ ಜಿಟಿಜಿಟಿ ಮಳೆ. ತೆಲುಗಿನವರು ಮತ್ತೆ ಲುಂಗಿಯಲ್ಲಿ. ಈ ಸಲ ಅವರು ಕೊಡೆ ತಂದಿದ್ದರು.

"ಬುದ್ಧಿ ಇದೆಯೇನ್ರೀ ನಿಮಗೆ? ಐವತ್ತು ತುಂಬಿತಲ್ಲ, ಒಂದು ಗುಂಜಿಯಷ್ಟಾದರೂ ಬುದ್ಧಿ ಬರಬಾರದಾ?" ಎಂದು ವಸಂತಲಕ್ಷ್ಮಿ ಗಂಡನ ಕೈ ಹಿಡಿದು ಎಳೆದಳು. ಸಿರಿ ಯಾರೂ ಕೇಳುವ ಮೊದಲೇ ತಲೆ ಬಗ್ಗಿಸಿದಳು. "ಜಸ್ಟ್ ಡು ಇಟ್, ಅಪ್ಪ. ಇಟ್ಸ್ ಕೋಲ್ಡ್."

ವೆಂಕಟೇಶ ಆಣೆ ಹಾಕಿದ. ನನ್ನ ಪಕ್ಕಕ್ಕೆ ಬಂದು ನಿಂತಾಗ ಅವನ ಮೀಸೆಯೊಳಗೆ ನಗು ಅಡಗಿತ್ತು.

"ಬೇಕಂತಲೇ ಮಾಡ್ದೆ ಅಲ್ವೇನೋ?" ಎಂದೆ ಮೆಲ್ಲಗೆ.

"ಮತ್ತೆ? ಲೈಟರ್ ನನ್ನ ಕೈಗೆ ಬಂದ್ರೆ ಅವಳ ಕಣ್ಣೂ ನನ್ನ ಕೈಮೇಲೇ ಇರುತ್ತೆ. ಆಮೇಲೆ, ಮನೇಲೇ ಸೇದಿ ಅಂದ್ರೆ, ಶನಿವಾರ ನಿನ್ನ ಮನೆಗೆ ಬರೋಕೆ ಏನು ನೆಪ ಹೇಳ್ಲಿ? ಆಣೆ ಇದ್ರೆ ನಾನು ಸೇಫ್ ಮಗಾ."

ಆ ಕ್ಷಣ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಲೈಟರುಗಳೆಲ್ಲ ನನ್ನ ಗರಾಜಿಗೆ ವಾಪಸ್! ಟಿಣ್ಣ್ ವಾಪಸ್! ಸತ್ಯವಂತನನ್ನು ದೇವರು ಕೈಬಿಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ. ಫೈರ್ ಇಂಜಿನ್ನಿನವರು ಹೋದ ಮೇಲೆ ವಸಂತಲಕ್ಷ್ಮಿ ಪೆಟ್ಟಿಗೆಯನ್ನು ತಂದು ನನ್ನ ಎದೆಗೆ ತಳ್ಳಿದಳು.

"ತಗೊಂಡು ಹೋಗಿ ಭಾಯ್. ಈ ಜನ್ಮದಲ್ಲಿ ಇದು ನಮ್ಮನೆಗೆ ಬರೋದು ಬೇಡ."

"ಬೇಡ ಅಕ್ಕ, ಬೇಡ. ನಾನಿದೀನಲ್ಲ," ಎಂದೆ. ಹಲ್ಲು ಕಾಣದಂತೆ ತುಟಿ ಬಿಗಿಹಿಡಿದಿದ್ದೆ.

"ಇದೊಂದನ್ನು ಮಾತ್ರ ನಾನು ಇಟ್ಕೋತೀನಿ," ಎಂದು ಅವಳು ಅಂಗೈ ಬಿಡಿಸಿದಳು. ಅಂಗೈಯಲ್ಲಿ ಬೆಳ್ಳಿಯದು. "ದೇವರ ದೀಪ ಹಚ್ಚೋಕೆ. ಈಗ ಹಚ್ಚಿ ನೋಡ್ದೆ, ಇದರ ಬೆಂಕಿ ಎಷ್ಟು ನಾಜೂಕಾಗಿದೆ, ಯಾರ ಮನೇನೂ ಸುಡಲ್ಲ. ಗಂಟೆ ಬೇರೆ ಹೊಡೆಯುತ್ತೆ! ಎಂಜಲಾಗಿಲ್ಲ ತಾನೆ ಭಾಯ್? ಇವರು ಇದರಲ್ಲಿ ಸಿಗಾರ್ ಗೀಗಾರ್ ಹಚ್ಚಿಲ್ಲ ತಾನೆ?"

ನನ್ನ ನಾಲಿಗೆಯ ತುದಿಗೆ ಏನೇನು ಬಂತು ಎಂದು ಇಲ್ಲಿ ಬರೆಯುವುದಿಲ್ಲ.

"ಅವನು ಹಚ್ಚಿಲ್ಲ ಅಕ್ಕ," ಎಂದೆ. "ಲೈಟರ್ ಬಾಯಿಗೆ ಮುಟ್ಟೋದೂ ಇಲ್ಲ."

ಟಿಣ್ಣ್, ಎಂದು ಅವಳ ಕೈಯೊಳಗೆ ಇನ್ನೊಂದು ಸಲ ಹೊಡೆದು ಒಳಗೆ ಹೋಯಿತು. ಕಾರಿನಲ್ಲಿ ಕೂತ ಮೇಲೆ ಒಳಜೇಬಿನಿಂದ ಡೂಪ್ಲಿಕೇಟ್ ತೆಗೆದು ನೋಡಿದೆ. ಮಾಡಿದ್ದುಣ್ಣೋ ಮಹರಾಯ. ಸುರಯ್ಯಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಾರ್ತ್ ಕ್ರೀಕ್ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ನಕ್ಕಳು.

ಬೆಳ್ಳಿಯದರ ಜೋಡಿಯೊಂದನ್ನು ನಿನಗೆಂದೇ ಹುಡುಕಿ ತಂದೆ ಎಂದು ವೆಂಕಟೇಶನಿಗೆ ಹೇಳಿದೆ. ಅಲ್ಲಿಂದ ಪ್ರತಿ ಶನಿವಾರ ಅವನು ಕುರ್ಚಿಯಲ್ಲಿ ಕೈಕಟ್ಟಿ ಕೂರುತ್ತಾನೆ. ನಾನು ಡೂಪ್ಲಿಕೇಟ್ ತೆರೆಯುತ್ತೇನೆ. ಟಿಕ್. "ಆಹಾ, ಆ ಶಬ್ದ!" ಎನ್ನುತ್ತಾನೆ. ಅವನ ಮನೆಯ ದೇವರಮನೆಯಲ್ಲಿ ಅಸಲಿ ದಿನಾ ಸಂಜೆ ಹೊಡೆದುಕೊಳ್ಳುತ್ತದೆ, ಸೋಫಾದಲ್ಲಿ ಕೂತು ಕೇಳುತ್ತಾನೆ. ಆದರೂ ಎರಡರ ಶಬ್ದವೂ ಒಂದೇ ಎಂದುಕೊಂಡಿದ್ದಾನೆ. ನಾನು ವಾರಕ್ಕೊಮ್ಮೆಯಾದರೂ ಆಫೀಸಿನಿಂದ ಬರುವ ದಾರಿಯಲ್ಲಿ ಟೋಟೆಮ್ ಲೇಕ್‌ಗೆ ಕಾರು ತಿರುಗಿಸುತ್ತೇನೆ, ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ವಸಂತಕ್ಕ ಕಾಫಿ ಚೆನ್ನಾಗಿ ಮಾಡುತ್ತಾಳೆ ಎಂದು ಎಲ್ಲರಿಗೂ ಹೇಳಿದ್ದೇನೆ.

ಹೋದ ವಾರ ಸಿರಿ ನಮ್ಮ ಮನೆಗೆ ಬಂದಳು. ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ಕೈ ಚಾಚಿದಳು. ಕೈಯಲ್ಲಿ ಬೆಳ್ಳಿಯದು, ಅಂಚಿನಲ್ಲಿ ಚೂರು ಕುಂಕುಮ.

"ಅಮ್ಮ ಸೇಸ್ ಗ್ಯಾಸ್ ಈಸ್ ಓವರ್. ನೋ ರಶ್, ಅಂಕಲ್. ನೆಕ್ಸ್ಟ್ ವೀಕ್ ಈಸ್ ಫೈನ್."

"ಆಯ್ತಮ್ಮ," ಎಂದೆ. ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಬೈ ದ ವೇ," ಎಂದಳು ಗಾಜು ಏರಿಸುತ್ತ, "ಎವ್ರಿ ಸಾಟರ್‌ಡೇ ಅಪ್ಪ ಸ್ಮೆಲ್ಸ್ ಲೈಕ್ ಯುವರ್ ಗರಾಜ್. ನಾನು ಹೇಳಲ್ಲ." ಕೊನೆಯ ಎರಡು ಪದ ಮಾತ್ರ ಕನ್ನಡ. ಅದೂ ಅಪ್ಪನದೇ ರಾಗ.

ಒಂದು ವಾರ! ಇಡೀ ಒಂದು ವಾರ ಅದು ನನ್ನದು. ಒಳಗಿನ ಗಾಳಿ ಬಿಟ್ಟು, ಒಳ್ಳೆಯ ಗ್ಯಾಸ್ ತುಂಬಿ, ಕುಂಕುಮ ಒರೆಸಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದೆ. ಪಕ್ಕದಲ್ಲೇ ಡೂಪ್ಲಿಕೇಟ್ ಬಿದ್ದಿತ್ತು. ವಸಂತಕ್ಕನಿಗೆ ಕಿವಿ ಇದೆ, ಅವಳ ಹತ್ತಿರ ಆಟ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಡೆಯುವಂತಿದ್ದರೂ ಮಾಡುತ್ತಿರಲಿಲ್ಲ. ಬಹುಶಃ.

ಶನಿವಾರ ವೆಂಕಟೇಶ ಬಂದು ಕೂತ. ನನಗೂ ಮನಸ್ಸಲ್ಲವೇ? ಎಷ್ಟಾದರೂ ಹಳೇ ಗೆಳೆಯ. ಒಂದು ದಿನವಾದರೂ ಅಸಲಿ ಶಬ್ದ ಕೇಳಿಕೊಂಡು ಹಚ್ಚಿಸಿಕೊಳ್ಳಲಿ, ಪುಣ್ಯಾತ್ಮ ಎಂದು ಬೆಳ್ಳಿಯದನ್ನೇ ತೆಗೆದೆ. ಅವನು ಕಣ್ಣುಮುಚ್ಚಿದ. ನಾನು ನಿಧಾನವಾಗಿ ಮುಚ್ಚಳ ತೆರೆದೆ.

ಟಿಣ್ಣ್...

ವೆಂಕಟೇಶನ ಹುಬ್ಬು ಗಂಟಿಕ್ಕಿತು. ಒಂದು ಕಣ್ಣು ಬಿಟ್ಟ.

"ಯಾಕೋ ಇವತ್ತು ಶಬ್ದ ಸರಿ ಇಲ್ವಲ್ಲೋ. ಕೀಲು ಸಡಿಲ ಆಗಿದೆ ಅನ್ಸುತ್ತೆ. ನೋಡ್ಕೋಬಾರದಾ? ನಿನ್ನ ನಂಬಿ ಕೊಟ್ಟಿದೀನಿ ನಾನು."

ನಾನು ಬೆಳ್ಳಿಯದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗಿಟ್ಟೆ. ಡೂಪ್ಲಿಕೇಟ್ ತೆಗೆದೆ. ಟಿಕ್.

"ಹಾಂ! ಇದು ನೋಡು ಶಬ್ದ ಅಂದ್ರೆ," ಎಂದು ಅವನು ಮತ್ತೆ ಕಣ್ಣುಮುಚ್ಚಿದ.

ಅವತ್ತು ಅವನ ಸಿಗಾರು ಒಂದೇ ಪಕ್ಕ ಹತ್ತಿತು, ಮೀಸೆಯ ಎಡಭಾಗವೂ ಸ್ವಲ್ಪ ಹತ್ತಿತು. ಲೈಟರಿನ ಕೀಲು ಸರಿ ಇರಲಿಲ್ಲ ಎಂದು ಹೇಳಿ ಕಳಿಸಿದೆ.